ಕಂದು ಅಂದ್ರೆ ಯಾವ ಕಂದು?

ನಮ್ಮ ಹಾಸ್ಟೆಲ್ ರೂಮಿನ ಕಿಟಕಿ ಕಟ್ಟೆ ಮೇಲೆ ಒಂದು ಟ್ಯಾಂಕ್ ಇದೆ. ನೀರಿನದಲ್ಲ, ಯುದ್ಧದ್ದು. ಉದ್ದ ಸುಮಾರು ಒಂದಡಿ ಸ್ಕೇಲಿನಷ್ಟು. ರೂಮಿಗೆ ಬಂದವರೆಲ್ಲ ಕೇಳೋದು ಒಂದೇ ಪ್ರಶ್ನೆ: "ಇದಕ್ಯಾಕ್ರೋ ಹಸಿರು ಹೊಡೆದಿಲ್ಲ? ಒಳ್ಳೆ ಬಾತ್‌ರೂಮ್ ಟೈಲ್ಸ್ ಥರ ಇದೆಯಲ್ಲ!" ಅದಕ್ಕೆ ಉತ್ತರ ಹೇಳೋ ನೆಪದಲ್ಲಿ, ಕಳೆದ ಸೆಮಿಸ್ಟರ್‌ನಲ್ಲಿ ನಾವು ಮಾಡಿದ ಒಂದು ತಪ್ಪನ್ನೂ ಹೇಳಿಬಿಡೋಣ ಅಂತ ಈ ಬರಹ.

ಮೊದಲು ಟೈಲ್ಸ್ ಕತೆ. ಎರಡನೇ ಮಹಾಯುದ್ಧದ ನಂತರ ಪಶ್ಚಿಮ ಬರ್ಲಿನ್‌ನಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್ ಸೇನೆಗಳು ಬೀಡುಬಿಟ್ಟಿದ್ದವು. ಸುತ್ತಲೂ ಪೂರ್ವ ಜರ್ಮನಿ. 1961ರಲ್ಲಿ ಗೋಡೆಯೂ ಎದ್ದಿತು. ಬ್ರಿಟಿಷರ ಬಳಿ ಇದ್ದದ್ದು ಚೀಫ್ಟನ್ ಅನ್ನೋ ಟ್ಯಾಂಕ್, 120 ಮಿಲಿಮೀಟರ್ ತೋಪಿನದು. ಯುದ್ಧ ಶುರುವಾದರೆ ಅದು ಕಾದಾಡಬೇಕಿದ್ದದ್ದು ಕಾಡಿನಲ್ಲಲ್ಲ, ಬೀದಿಗಳಲ್ಲಿ. ಕಟ್ಟಡಗಳ ನಡುವೆ ಕಾಡಿನ ಹಸಿರು ಏನು ಪ್ರಯೋಜನ? 1980ರ ದಶಕದ ಆರಂಭದಲ್ಲಿ ಅಲ್ಲಿನ ಟ್ಯಾಂಕ್ ತುಕಡಿಯ ನಾಯಕ ಮೇಜರ್ ಕ್ಲೆಂಡನ್ ಡೌಕ್ಸ್ ಬೇರೆಯದೇ ದಾರಿ ಹಿಡಿದರು. ಬಿಳಿ, ಬೂದು, ಕಂದು, ಈ ಮೂರೇ ಬಣ್ಣಗಳ ಚೌಕ ಮತ್ತು ಆಯತಗಳು. ಊರಿನಲ್ಲಿ ಗೋಡೆ, ಕಿಟಕಿ, ಬಾಗಿಲು, ನೆರಳು ಎಲ್ಲವೂ ನೇರ ಗೆರೆ. ಆ ಗೆರೆಗಳ ನಡುವೆ ಟ್ಯಾಂಕಿನ ಆಕಾರವೇ ಒಡೆದುಹೋಗಬೇಕು, ಅಷ್ಟೇ ಉಪಾಯ.

ನಾವು ನಾಲ್ವರು ದುಡ್ಡು ಹಾಕಿ ಇದರ 1/35 ಅಳತೆಯ ಕಿಟ್ ತರಿಸಿದೆವು. ಜೋಡಿಸೋಕೆ ಎರಡು ವಾರ ಸಾಕಾಯ್ತು. ಬಣ್ಣಕ್ಕೆ ಬಂದಾಗ ಸಿಕ್ಕಿಹಾಕಿಕೊಂಡೆವು. ಬಿಳಿ ಸರಿ, ಬೂದು ಅಂದ್ರೆ ಯಾವ ಬೂದು? ಕಂದು ಅಂದ್ರೆ ಯಾವ ಕಂದು? ಹಳೇ ಫೋಟೋಗಳನ್ನ ನೋಡಿದರೆ ಒಂದರಲ್ಲಿ ಬೂದು ನೀಲಿಯಾಗಿ ಕಾಣುತ್ತೆ, ಇನ್ನೊಂದರಲ್ಲಿ ಸಿಮೆಂಟ್ ಥರ. ಕಂದು ಒಮ್ಮೆ ಕಾಫಿಪುಡಿ, ಒಮ್ಮೆ ಇಟ್ಟಿಗೆ. ಮೋಡದ ದಿನ ತೆಗೆದದ್ದು, ಬಿಸಿಲಲ್ಲಿ ತೆಗೆದದ್ದು, ಫಿಲ್ಮ್ ಹಳೆಯದಾಗಿ ಬಣ್ಣ ಮಾಸಿದ್ದು, ಎಲ್ಲ ಸೇರಿಕೊಂಡಿವೆ.

ಅದರ ಮೇಲೆ ನಮ್ಮದೇ ತಲೆನೋವುಗಳು. ಆಕ್ರಿಲಿಕ್ ಬಣ್ಣ ಹಸಿಯಾಗಿದ್ದಾಗ ತಿಳಿಯಾಗಿ ಕಾಣುತ್ತೆ, ಒಣಗಿದ ಮೇಲೆ ಗಾಢವಾಗುತ್ತೆ. ಹಾಗಾಗಿ ಪ್ರತಿ ಮಿಶ್ರಣವನ್ನೂ ಪ್ಲಾಸ್ಟಿಕ್ ಚೂರಿನ ಮೇಲೆ ಬಳಿದು, ಒಣಗಿಸಿ, ಆಮೇಲೆ ನೋಡಬೇಕು. ಟ್ಯೂಬ್‌ಲೈಟ್ ಕೆಳಗೆ ಒಂದೇ ಅನ್ನಿಸಿದ ಎರಡು ಬಣ್ಣ ಬೆಳಗ್ಗೆ ಬಿಸಿಲಿಗೆ ಹಿಡಿದರೆ ಬೇರೆ ಬೇರೆ. ಇನ್ನು ಅಳತೆಯ ಲೆಕ್ಕ: 1/35 ಮಾದರಿಯನ್ನ ಮೂರಡಿ ದೂರದಿಂದ ನೋಡಿದರೆ ನಿಜವಾದ ಟ್ಯಾಂಕನ್ನ 105 ಅಡಿ ದೂರದಿಂದ ನೋಡಿದ ಹಾಗೆ. ದೂರದ ವಸ್ತು ಸ್ವಲ್ಪ ಮಂಕಾಗಿ ಕಾಣುತ್ತೆ ಅಂತ ಮಾದರಿ ಕಟ್ಟೋರು ಬಣ್ಣಕ್ಕೆ ಒಂಚೂರು ಬಿಳಿ ಬೆರೆಸ್ತಾರೆ. ಎಷ್ಟು ಬೆರೆಸಬೇಕು ಅನ್ನೋದರ ಮೇಲೆ ನಮ್ಮ ರೂಮಿನಲ್ಲಿ ಆದಷ್ಟು ಜಗಳ ಇಂಟರ್ನಲ್ಸ್ ಮಾರ್ಕ್ಸ್ ಬಗ್ಗೆಯೂ ಆಗಿಲ್ಲ.

ಒಂದು ರಾತ್ರಿ ನಾವು ಮೂವರು ಮಲಗಿದ್ದಾಗ ನಮ್ಮಲ್ಲೊಬ್ಬ ಒಬ್ಬನೇ ಕೂತು ಕಂದು ಬಣ್ಣ ಕಲಸಿ, ಮಾಸ್ಕಿಂಗ್ ಟೇಪ್ ಹಚ್ಚಿ, ತೋಪಿನ ಗೋಪುರದ ಕಂದು ಚೌಕಗಳನ್ನೆಲ್ಲ ಮುಗಿಸಿಬಿಟ್ಟಿದ್ದ. ಅವನ ಕೈ ನಮ್ಮೆಲ್ಲರಿಗಿಂತ ಚೆನ್ನ, ಅಂಚು ಬ್ಲೇಡಿನಿಂದ ಕೊಯ್ದ ಹಾಗೆ. ಬೆಳಗ್ಗೆ ಎದ್ದು ನೋಡ್ತೀವಿ, ಅದು ಕಂದಲ್ಲ. ಪಾಚಿ ಹಸಿರು.

"ಬರ್ಲಿನ್‌ಗೆ ಹೋಗೋ ಟ್ಯಾಂಕನ್ನ ಕಾಡಿಗೆ ಕಳಿಸಿದ್ಯಲ್ಲೋ!" ಅಂತ ನಕ್ಕೆವು. ಅವನು ಸುಮ್ಮನೆ ನೋಡ್ತಿದ್ದ. ನಮಗೆ ರೇಗಿತು. "ಕಣ್ಣು ಕಾಣಲ್ವಾ ನಿಂಗೆ?" ಅಂದೆವು. ಯಾರು ಅಂದದ್ದು ಅಂತ ಬರೆಯೋದಿಲ್ಲ. ಉಳಿದಿಬ್ಬರೂ ತಡೆಯಲಿಲ್ಲ, ಆದ್ದರಿಂದ ಅಂದದ್ದು ನಾವೇ.

ಅವನು ಬ್ಯಾಗ್ ತಗೊಂಡು ಕ್ಲಾಸಿಗೆ ಹೋದ. ಸಂಜೆ ಬಂದು ಹೇಳಿದ. ಅವನಿಗೆ ಕೆಂಪು-ಹಸಿರು ವರ್ಣಾಂಧತೆ. ಕಂದು ಮತ್ತು ಪಾಚಿ ಹಸಿರು ಅವನಿಗೆ ಒಂದೇ. ಹೈಸ್ಕೂಲಿನಲ್ಲಿ ಕಣ್ಣಿನ ತಪಾಸಣೆಗೆ ಬಂದವರು ಚುಕ್ಕೆಗಳ ನಡುವೆ ಅಂಕಿ ಇರೋ ಇಶಿಹಾರ ಹಾಳೆಗಳನ್ನ ತೋರಿಸಿದಾಗ ಗೊತ್ತಾಗಿದ್ದಂತೆ. ಚಿಕ್ಕಂದಿನಿಂದ ಲೋಕೋ ಪೈಲಟ್ ಆಗೋ ಆಸೆ. ಸಿಗ್ನಲ್ ನೋಡೋ ಕೆಲಸಕ್ಕೆ ಬಣ್ಣದ ಪರೀಕ್ಷೆ ದಾಟಲೇಬೇಕು. ಅಲ್ಲಿಗೆ ಆ ಆಸೆ ಮುಗೀತು. ಆಮೇಲೆ ಕ್ಲಾಸಿನ ಹುಡುಗರೆಲ್ಲ ಪೆನ್ನು, ಬ್ಯಾಗು ಹಿಡಿದು "ಇದ್ಯಾವ ಬಣ್ಣ ಹೇಳು" ಅಂತ ಕೇಳೋಕೆ ಶುರು ಮಾಡಿದರಂತೆ. ಅದಕ್ಕೇ ಇಲ್ಲಿ ಯಾರಿಗೂ ಹೇಳಿರಲಿಲ್ಲ.

ನಮ್ಮಲ್ಲೊಬ್ಬನ ಕೈ ಆಗಲೇ ಪಕ್ಕದಲ್ಲಿದ್ದ ಟೀಶರ್ಟ್ ಕಡೆ ಹೋಗಿತ್ತು. ಹಿಂದಕ್ಕೆ ತಗೊಂಡ.

ಆಗ ನೆನಪಾಯ್ತು. ಮೊದಲ ವರ್ಷದ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ನಾವೆಲ್ಲ ರೆಸಿಸ್ಟರ್ ಮೇಲಿನ ಬಣ್ಣದ ಪಟ್ಟಿ ಓದಿ ಬೆಲೆ ಬರೆದುಕೊಂಡರೆ ಇವನು ಪ್ರತಿಯೊಂದನ್ನೂ ಮಲ್ಟಿಮೀಟರ್ ಹಿಡಿದು ಅಳೀತಿದ್ದ. ಭಯಂಕರ ಶಿಸ್ತಿನ ಮನುಷ್ಯ ಅಂತ ರೇಗಿಸ್ತಿದ್ದೆವು. ಎರಡು ವರ್ಷ ಒಂದೇ ರೂಮಿನಲ್ಲಿದ್ದೂ ನಮಗೆ ಕಂಡಿರಲಿಲ್ಲ. ಕಣ್ಣು ಕಾಣದಿದ್ದದ್ದು ಯಾರಿಗೆ?

"ಸಾರಿ ಮಗಾ" ಅಂದೆವು. ಅವನು ಟ್ಯಾಂಕ್ ಕೈಗೆತ್ತಿಕೊಂಡು, "ಹಸಿರೋ ಕಂದೋ ನಂಗೊತ್ತಾಗಲ್ಲ. ಆದ್ರೆ ನೀವು ಹಿಂದಿನ ಭಾಗಕ್ಕೆ ಹೊಡೆದಿರೋ ಬೂದು, ಕಂದು ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಅದು ನನ್ನ ಕಣ್ಣಿನ ತಪ್ಪಲ್ಲ" ಅಂದ.

ನಂಬಲಿಲ್ಲ. ಫೋನಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿದೆವು. ಅವನು ಹೇಳಿದ್ದೇ ಸರಿ. ಬಿಳಿ ಎದ್ದು ಕಾಣ್ತಿತ್ತು. ಬೂದು, ಕಂದು ಮಾತ್ರ ಕಲಸಿಹೋಗಿ ಒಂದೇ ದೊಡ್ಡ ಮುದ್ದೆ. ಹಳೇ ಫೋಟೋವನ್ನೂ ಹಾಗೇ ಮಾಡಿದರೆ ಮೂರು ಮೆಟ್ಟಿಲು ಸ್ಪಷ್ಟ: ಬಿಳಿ, ನಡುವೆ ಬೂದು, ಕೆಳಗೆ ಕಂದು. ಟ್ಯಾಂಕಿನ ಆಕಾರ ಒಡೆಯೋಕೆ ಬೇಕಾದದ್ದು ಆ ತಿಳಿ-ಗಾಢದ ಅಂತರ. ಅದನ್ನ ಬಿಟ್ಟು ನಾವು ವಾರಗಟ್ಟಲೆ "ಕಾಫಿಪುಡಿನಾ, ಇಟ್ಟಿಗೆನಾ" ಅಂತ ಕಿತ್ತಾಡ್ತಿದ್ದೆವು. ಇಶಿಹಾರ ಪುಸ್ತಕದಲ್ಲೇ ಕೆಲವು ಹಾಳೆಗಳಿವೆಯಂತೆ: ಅದರೊಳಗಿನ ಅಂಕಿ ವರ್ಣಾಂಧತೆ ಇರೋರಿಗೆ ಕಾಣುತ್ತೆ, ಉಳಿದವರಿಗೆ ಕಾಣಲ್ಲ. ಬಣ್ಣದ ಗದ್ದಲದಲ್ಲಿ ನಮ್ಮಂಥವರಿಗೆ ಅದು ಮುಚ್ಚಿಹೋಗುತ್ತೆ.

ಮತ್ತೆ ಮೊದಲಿಂದ ಶುರು ಮಾಡಿದೆವು. ಈ ಸಲ ಎಲ್ಲ ಬಾಟಲಿಗಳ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆದೆವು. ಸಿರಿಂಜಿನಲ್ಲಿ ಹನಿ ಎಣಿಸಿ ಬೆರೆಸಿದೆವು: ಕಂದು ಆರು, ಕಪ್ಪು ಒಂದು, ಬಿಳಿ ಒಂದು. ಲೆಕ್ಕ ಪುಸ್ತಕದಲ್ಲಿದ್ದರೆ ಯಾರು ಕಲಸಿದರೂ ಅದೇ ಬಣ್ಣ. ಕಂದೋ ಅಲ್ಲವೋ ಅಂತ ನಾವು ನೋಡೋದು, ಎಷ್ಟು ಗಾಢ ಅಂತ ಅವನು ನೋಡೋದು. ಅಂಚುಗಳೆಲ್ಲ ಅವನ ಕೈಯವೇ.

ಬರ್ಲಿನ್ ಗೋಡೆ 1989ರಲ್ಲಿ ಬಿತ್ತು. ಆ ಟ್ಯಾಂಕುಗಳು ಅಲ್ಲಿ ಒಂದು ಗುಂಡನ್ನೂ ಯುದ್ಧದಲ್ಲಿ ಹಾರಿಸಲಿಲ್ಲ. ನಮ್ಮ ಕಂದು ಅಸಲಿ ಕಂದಿಗೆ ನೂರಕ್ಕೆ ನೂರು ಹೊಂದುತ್ತೆ ಅಂತ ನಾವು ಹೇಳಲ್ಲ. ಗೋಪುರದ ಹಿಂಬದಿಯಲ್ಲಿ ಒಂದೇ ಒಂದು ಚೌಕ ಮಾತ್ರ ಪಾಚಿ ಹಸಿರಾಗಿ ಹಾಗೇ ಉಳಿದಿದೆ. ಅಳಿಸೋಣ ಅಂದ್ರೆ ಅವನೇ ಬೇಡ ಅಂದ. ಈ ಬರಹವನ್ನ ಮೊದಲು ಓದಿದವನೂ ಅವನೇ, "ಹಾಕ್ರೋ" ಅಂದ ಮೇಲೇ ಕಳಿಸಿದ್ದೇವೆ.

ನಿಮ್ಮ ಲ್ಯಾಬ್ ಬ್ಯಾಚಿನಲ್ಲೂ ಪ್ರತಿ ರೆಸಿಸ್ಟರ್‌ಗೂ ಮಲ್ಟಿಮೀಟರ್ ಹಿಡಿಯೋ ಶಿಸ್ತಿನ ಮನುಷ್ಯ ಒಬ್ಬ ಇರಬಹುದು. ರೇಗಿಸೋ ಮುಂಚೆ ಒಂದು ಕ್ಷಣ ತಡೀರಿ. "ಇದ್ಯಾವ ಬಣ್ಣ ಹೇಳು" ಅಂತ ಮಾತ್ರ ದಯವಿಟ್ಟು ಕೇಳಬೇಡಿ.