ಬೆನ್ನ ಮೇಲಿನ ಗಂಟು

ಬೆಳಿಗ್ಗೆ ಹತ್ತೂವರೆ. ಬೆಂಗಳೂರಿನ ಒಂದು ಬೋಧನಾ ಆಸ್ಪತ್ರೆಯ ಪೆಥಾಲಜಿ ವಿಭಾಗ. ಬಾಗಿಲು ತಳ್ಳುತ್ತಲೇ ಕ್ಸೈಲೀನ್ ಘಾಟು ಮೂಗಿಗೆ ಬಡಿಯುತ್ತದೆ. ಒಳಗಿರುವವರಿಗೆ ಅದು ಎಂದೋ ರೂಢಿಯಾಗಿದೆ. ನಾಲ್ಕೈದು ಜನ ಒಟ್ಟಿಗೆ ನೋಡುವಂಥ ಮೈಕ್ರೋಸ್ಕೋಪ್, ಸುತ್ತ ಸ್ಟೂಲುಗಳು. ಖಾಲಿ ಇರುವುದನ್ನು ಎಳೆದುಕೊಂಡು ಕೂತು ಕಣ್ಣಿಡಿ.

ಗುಲಾಬಿ, ನೇರಳೆ. ಮೇಲ್ಗಡೆ ಚರ್ಮದ ಹೊರಪದರ ಅಲೆಯಲೆಯಾಗಿದೆ, ಎಲ್ಲೂ ಕದಡಿಲ್ಲ. ಅದರ ಕೆಳಗೆ ತೆಳುವಾದ ಖಾಲಿ ಪಟ್ಟಿ. ಆಮೇಲೆ ಶುರುವಾಗುತ್ತದೆ ನೇರಳೆ ಕೋಶಗಳ ದಟ್ಟಣೆ. ಆಳಕ್ಕಿಳಿದಷ್ಟೂ ಹೆಚ್ಚುತ್ತಾ ಕೊಬ್ಬಿನ ಪದರ ಮುಟ್ಟಿದೆ. ಚರ್ಮದಲ್ಲೇ ಹುಟ್ಟುವ ಲಿಂಫೋಮಾಗಳಲ್ಲಿ ಹೆಚ್ಚಿನವು ಟಿ-ಕೋಶದವು. ಅವುಗಳಲ್ಲಿ ಎಲ್ಲರಿಗೂ ಪರಿಚಿತವಾದ ಮೈಕೋಸಿಸ್ ಫಂಗಾಯ್ಡಿಸ್ ಹೊರಪದರದೊಳಕ್ಕೇ ನುಗ್ಗುತ್ತದೆ. ಇಲ್ಲಿ ಹಾಗಾಗಿಲ್ಲ. ಬಿ-ಕೋಶದ್ದಿರಬೇಕು ಎಂಬ ಅನುಮಾನ ಹುಟ್ಟುವುದೇ ಇಲ್ಲಿಂದ.

ಲೆನ್ಸ್ ಟಕ್ಕೆಂದು ತಿರುಗುತ್ತದೆ. ಈಗ ಒಂದೊಂದೇ ಕೋಶ ಕಾಣುತ್ತಿದೆ.

“ಎಲ್ಲಾ ದೊಡ್ಡ ಕೋಶಗಳೇ ಮೇಡಂ. ಡಿಎಲ್‌ಬಿಸಿಎಲ್ ಅಲ್ವಾ?” ಪಿಜಿ ವಿದ್ಯಾರ್ಥಿಯ ದನಿಯಲ್ಲಿ ಉತ್ತರ ಸಿಕ್ಕ ಖುಷಿ.

“ಆತುರ ಬೇಡಪ್ಪಾ. ಫಾರ್ಮ್ ಓದು ಮೊದಲು.”

ಗಂಡಸು, 61 ವರ್ಷ, ರೈತ. ಬೆನ್ನಿನ ಮೇಲ್ಭಾಗದಲ್ಲಿ ಕೆಂಪು ಗಂಟುಗಳು, ಸುತ್ತ ಸಣ್ಣ ಗುಳ್ಳೆಗಳು. ಎರಡು ವರ್ಷದಿಂದ ನಿಧಾನವಾಗಿ ಬೆಳೆದಿವೆ. ನೋವಿಲ್ಲ, ತುರಿಕೆಯಿಲ್ಲ, ಜ್ವರವಿಲ್ಲ, ತೂಕ ಇಳಿದಿಲ್ಲ.

ಮೇಡಂ ಸ್ಲೈಡನ್ನು ಕೂದಲೆಳೆಯಷ್ಟು ಸರಿಸುತ್ತಾರೆ. “ನ್ಯೂಕ್ಲಿಯಸ್ ಆಕಾರ ನೋಡು.” ನೀವೂ ನೋಡಿ. ದುಂಡಗಿನವು ಅಲ್ಲೊಂದು ಇಲ್ಲೊಂದು. ಮಿಕ್ಕವೆಲ್ಲ ಗೋಡಂಬಿಯ ಹಾಗೆ ಬಾಗಿದವು, ಸೀಳು ಬಿದ್ದವು. ದೊಡ್ಡ ಸೆಂಟ್ರೋಸೈಟ್‌ಗಳು.

ಈ ಬಾಗುವಿಕೆಯಲ್ಲೇ ರೋಗಿಯ ಮುಂದಿನ ಆರು ತಿಂಗಳು ಅಡಗಿದೆ. ವರದಿಯಲ್ಲಿ ಬರೀ ಡಿಎಲ್‌ಬಿಸಿಎಲ್, ಅಂದರೆ ‘ದೊಡ್ಡ ಬಿ-ಕೋಶದ ಲಿಂಫೋಮಾ’ ಎಂದು ಬರೆದು ಕೈತೊಳೆದುಕೊಂಡರೆ ಆತ ಆರ್-ಚಾಪ್ ಕೀಮೋಥೆರಪಿಯ ಸಾಲಿನಲ್ಲಿ ನಿಲ್ಲಬೇಕಾದೀತು. ಅದರಲ್ಲಿನ ಡಾಕ್ಸೋರುಬಿಸಿನ್ ಹೃದಯಕ್ಕೆ ಒಳ್ಳೆಯದಲ್ಲ. ಆತನಿಗೆ ಅದು ಬೇಕಾಗಿಯೇ ಇಲ್ಲದಿರಬಹುದು.

ಬೆನ್ನಿನ ಇಂಥ ಗಂಟುಗಳನ್ನು ಇಟಲಿಯ ಚರ್ಮವೈದ್ಯ ಅಗೊಸ್ಟಿನೊ ಕ್ರೋಸ್ಟಿ 1951ರಲ್ಲೇ ವಿವರಿಸಿದ್ದರು. ಹಿಸ್ಟಿಯೋಸೈಟ್ ಎಂಬ ಬೇರೆಯೇ ಕೋಶದ ರೋಗವೆಂದು ಅವರು ತಿಳಿದಿದ್ದರು. ಅದು ಬಿ-ಕೋಶದ್ದೇ ಎಂದು ಎಮಿಲಿಯೊ ಬೆರ್ತಿ ಮತ್ತು ಸಂಗಡಿಗರು ತೋರಿಸಿದ್ದು 1988ರಲ್ಲಿ. ಅಲ್ಲಿಯತನಕ ನೋಡಿದವರ ಕಣ್ಣಿನ ತಪ್ಪಲ್ಲ, ಬಣ್ಣಗಳೇ ಸಾಲದಾಗಿದ್ದವು.

ಬೇಕಾದ ಬಣ್ಣ ಮರುದಿನ ಬರುತ್ತದೆ. ಟ್ರೇ ತುಂಬ ಇಮ್ಯುನೋ ಸ್ಲೈಡುಗಳು, ಪಾಸಿಟಿವ್ ಇದ್ದಲ್ಲಿ ಕಂದು. ಸಿಡಿ20: ಇಡೀ ದಟ್ಟಣೆ ಕಂದು. ಬಿ-ಕೋಶವೆಂಬುದು ಖಚಿತ. ಬಿಸಿಎಲ್6 ಕೂಡ ಕಂದು. ಎಂಯುಎಂ1 ಬಣ್ಣ ಹಿಡಿದಿಲ್ಲ. ಬಿಸಿಎಲ್2 ಸ್ಲೈಡಿನಲ್ಲಿ ಸಾಕಷ್ಟು ಕಂದು ಚುಕ್ಕೆಗಳು. ಪಿಜಿ ಮುಖ ಸಪ್ಪಗಾಗುತ್ತದೆ.

“ಸಿಡಿ3 ಪಕ್ಕಕ್ಕಿಟ್ಟು ನೋಡು. ಅವು ಟಿ-ಕೋಶಗಳು. ಬಿಸಿಎಲ್2 ಅವಕ್ಕೆ ಹುಟ್ಟಿನಿಂದಲೇ ಇರುತ್ತೆ. ಗಡ್ಡೆಯ ಕೋಶದಲ್ಲಿದೆಯಾ ಅನ್ನೋದು ನನ್ನ ಪ್ರಶ್ನೆ.”

ಗಡ್ಡೆಯ ಕೋಶಗಳಲ್ಲಿಲ್ಲ.

ಹೋಲಿಸಲೆಂದು ಅವರು ಕಪಾಟಿನಿಂದ ಹಳೆಯ ಸ್ಲೈಡ್ ತೆಗೆಯುತ್ತಾರೆ: ಒಬ್ಬ ಅಜ್ಜಿಯ ಮೊಣಕಾಲಿನ ಕೆಳಗೆ ಕೆಲವೇ ವಾರಗಳಲ್ಲಿ ಊದಿಕೊಂಡ ಗಂಟು. ಇಲ್ಲಿ ನ್ಯೂಕ್ಲಿಯಸ್‌ಗಳು ದುಂಡಗಿವೆ, ನ್ಯೂಕ್ಲಿಯೋಲಸ್ ಎದ್ದು ಕಾಣುತ್ತದೆ. ಬಿಸಿಎಲ್2 ಗಾಢ ಕಂದು, ಎಂಯುಎಂ1 ಕಂದು, ಐಜಿಎಂ ಕಂದು. ಕಾಲಿನ ಮಾದರಿಯ ದೊಡ್ಡ ಬಿ-ಕೋಶ ಲಿಂಫೋಮಾ. ಇಂಥವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಎಂವೈಡಿ88 ಎಂಬ ಜೀನ್ ಕೆಟ್ಟಿರುತ್ತದೆ. ಐದು ವರ್ಷ ಬದುಕುವವರು ನೂರಕ್ಕೆ ಹೆಚ್ಚುಕಡಿಮೆ ಐವತ್ತು ಅರವತ್ತು ಜನ. ಬೆನ್ನಿನ ರೈತನಿಗೆ ಇರುವುದು ಬಾಗಿದ ನ್ಯೂಕ್ಲಿಯಸ್‌ಗಳ ಫಾಲಿಕಲ್ ಸೆಂಟರ್ ಲಿಂಫೋಮಾ ಆದರೆ ಆ ಸಂಖ್ಯೆ ಸುಮಾರು ತೊಂಬತ್ತೈದು.

“ಹಾಗಾದ್ರೆ ಬೆನ್ನು ಅಂದ್ರೆ ಇದು, ಕಾಲು ಅಂದ್ರೆ ಅದು?”

“ಅಲ್ಲಪ್ಪಾ. ಕಾಲಿನ ಮಾದರಿ ಬೇರೆ ಕಡೆಗೂ ಬರುತ್ತೆ, ನೂರಕ್ಕೆ ಹತ್ತು ಹದಿನೈದು. ಜಾಗ ಸುಳಿವು ಕೊಡುತ್ತೆ, ತೀರ್ಪು ಕೊಡಲ್ಲ.”

ಚರ್ಮದ ಬಿ-ಕೋಶ ಲಿಂಫೋಮಾಗಳಲ್ಲಿ ಮೂರನೆಯದೊಂದಿದೆ, ಮಾರ್ಜಿನಲ್ ಜೋನ್. ಎಷ್ಟು ಸೌಮ್ಯವೆಂದರೆ 2022ರಲ್ಲಿ ಒಂದು ಅಂತರರಾಷ್ಟ್ರೀಯ ವರ್ಗೀಕರಣ ಅದನ್ನು ಲಿಂಫೋಮಾ ಪಟ್ಟದಿಂದಲೇ ಇಳಿಸಿತು. ಡಬ್ಲ್ಯುಎಚ್‌ಒ ಮಾತ್ರ ಇಳಿಸಲಿಲ್ಲ. ನನಗೆ ಇಳಿಸಿದ್ದೇ ಸರಿ ಎನಿಸುತ್ತದೆ. ಆ ರೋಗದಿಂದ ಸಾಯುವವರು ತೀರಾ ಅಪರೂಪ. ಕ್ಯಾನ್ಸರ್ ಎಂಬ ಚೀಟಿ ಹಿಡಿದು ನಿದ್ದೆಗೆಡುವವರು ಎಲ್ಲರೂ.

ಇಷ್ಟಾದರೂ ಮೇಡಂ ಸಹಿ ಹಾಕುವುದಿಲ್ಲ. ದುಗ್ಧಗ್ರಂಥಿಯಲ್ಲಿ ಹುಟ್ಟಿದ ಫಾಲಿಕ್ಯುಲರ್ ಲಿಂಫೋಮಾ ಚರ್ಮಕ್ಕೆ ಹರಡಿದಾಗಲೂ ಬಹುಮಟ್ಟಿಗೆ ಹೀಗೇ ಕಾಣಬಹುದು. ಅದರಲ್ಲಿ ಸಾಮಾನ್ಯವಾಗಿ ಸಿಡಿ10, ಬಿಸಿಎಲ್2 ಎರಡೂ ಜೋರಾಗಿರುತ್ತವೆ, ಇಲ್ಲಿಲ್ಲ, ನಿಜ. ಆದರೂ ಚರ್ಮ ಬಿಟ್ಟು ಬೇರೆಲ್ಲೂ ಇಲ್ಲವೆಂದು ಗೊತ್ತಾಗದೆ ಚರ್ಮದ್ದೇ ಎಂದು ಬರೆಯುವಂತಿಲ್ಲ. ಅದನ್ನು ಮೈಕ್ರೋಸ್ಕೋಪ್ ಹೇಳಲಾರದು. ಫೋನ್ ಎತ್ತುತ್ತಾರೆ: “ಪೆಟ್-ಸಿಟಿ ಆಯ್ತಾ?”

ಪೆಟ್-ಸಿಟಿಯಲ್ಲಿ ಬೆನ್ನು ಬಿಟ್ಟು ಎಲ್ಲೂ ಏನೂ ಹೊಳೆದಿಲ್ಲ. ಮಜ್ಜೆಯೂ ಶುದ್ಧ. ಸಹಿ ಬೀಳುತ್ತದೆ.

ಕೆಳಗಿನ ಮಹಡಿಯ ಒಪಿಡಿಯಲ್ಲಿ ರೈತ ಅಂಗಿ ಬಿಚ್ಚಿ ಬೆಂಚಿನ ಮೇಲೆ ಕೂತಿದ್ದಾರೆ. ರೇಡಿಯೇಷನ್ ಡಾಕ್ಟರು ಗಂಟಿನ ಸುತ್ತ ಮಾರ್ಕರ್‌ನಿಂದ ಗೆರೆ ಎಳೆಯುತ್ತಿದ್ದಾರೆ. 24 ಗ್ರೇ, ದಿನಕ್ಕೆ 2ರಂತೆ ಹನ್ನೆರಡು ಸಲ.

“ತಲೆಗೂದ್ಲು ಉದ್ರೋಯ್ತದಾ ಡಾಕ್ಟ್ರೇ?”

“ಇಲ್ಲ ಯಜಮಾನ್ರೇ, ಕಿರಣ ಬಿದ್ದ ಕಡೆ ಮಾತ್ರ. ನಿಮ್ಮ ಬೆನ್ನಿನ ಕೂದಲು ಹೋಗಬಹುದು.”

“ಅದ್ಯಾರಿಗ್ ಬೇಕು!”

“ಆದ್ರೆ ಮತ್ತೆ ಬರಬಹುದು, ಗಂಟು. ಮೂರರಲ್ಲೊಬ್ಬರಿಗೆ ಬರುತ್ತೆ, ಚರ್ಮದಲ್ಲೇ. ಬಂದ್ರೂ ಗಾಬರಿಯಾಗ್ಬೇಡಿ, ಹೀಗೇ ಮತ್ತೆ ಸುಡ್ತೀವಿ. ಬೆನ್ನು ನಿಮಗೆ ಕಾಣಲ್ಲ, ಸ್ನಾನ ಮಾಡಿಸೋವಾಗ ಮನೆಯವರಿಗೆ ನೋಡೋಕೆ ಹೇಳಿ.”