ಅಪ್ಪ ಕೂಡಿಟ್ಟದ್ದು

ತಂದೆಯವರು 1982ರಲ್ಲಿ ಕೊಂಡ ಬಜಾಜ್ ಚೇತಕ್ ನನ್ನ ಪಾಲಿಗೆ ಬಂದಿದೆ. ಅದಕ್ಕೆ ಬ್ಯಾಟರಿಯಿಲ್ಲ. ಎಂಜಿನ್ ತಿರುಗಿದಾಗ ಮ್ಯಾಗ್ನೆಟೊ ಹುಟ್ಟಿಸುವ 6 ವೋಲ್ಟಿನ ಏಸಿ ವಿದ್ಯುತ್ತು ಆಗಿಂದಾಗಲೇ ದೀಪಕ್ಕೆ ಖರ್ಚು, ಉಳಿತಾಯವೆಂಬುದಿಲ್ಲ. ಥೇಟ್ ಮೇಷ್ಟರ ಸಂಬಳ!

ಸ್ಪೀಡೋಮೀಟರಿನ ಕೇಬಲ್ ತುಂಡಾದಾಗ ಮಗ ಡಿಜಿಟಲ್ ಮೀಟರು ತಂದ. ಅದು ಕೇಳುವುದು 12 ವೋಲ್ಟಿನ ಡೀಸಿ.

"ಮೇಷ್ಟ್ರೇ, ನೇರವಾಗಿ ತಂತಿ ಕೊಟ್ಟರೆ ಸುಟ್ಟುಹೋದೀತು. ಡೀಸಿ ಮಾಡಿ, 12ಕ್ಕೆ ಏರಿಸಬೇಕು. ಆದರೂ ಎಂಜಿನ್ ನಿಂತರೆ ಮೀಟರೂ ಆರುತ್ತೆ. ಪುಟ್ಟದೊಂದು ಬ್ಯಾಟರಿ ಹಾಕಿಬಿಡೋಣ" ಎಂದ ಮೆಕ್ಯಾನಿಕ್.

ಒಪ್ಪುವವನಿದ್ದೆ. ಅಷ್ಟರಲ್ಲಿ ಬಿಚ್ಚಿಟ್ಟ ಹಳೆಯ ಮೀಟರು ಕಣ್ಣಿಗೆ ಬಿತ್ತು: 48,316 ಕಿಲೋಮೀಟರು. ನನ್ನನ್ನು ಶಾಲೆಗೆ, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದ ದಾರಿಯೆಲ್ಲ ಅದರಲ್ಲಿತ್ತು. ಹೊಸದರಲ್ಲಿ ಬರೀ ಸೊನ್ನೆ.

ಅಪ್ಪ ಕೂಡಿಟ್ಟದ್ದು ಇದೊಂದೇ.

"ಹೊಸ ಕೇಬಲ್ ಹಾಕಪ್ಪ, ಸಾಕು" ಎಂದೆ.