ಹೆಸರು ಬೀಳುವ ಹೊತ್ತು

ನಮ್ಮಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಸಿನಿಮಾ ಶುರುವಾಗಿ ಹೆಸರು ಬೀಳುವ ಹೊತ್ತಿಗೆ ಅದು ಎಂಥ ಸಿನಿಮಾ ಎಂದು ಎಲ್ಲರಿಗಿಂತ ಮೊದಲು ಹೇಳುತ್ತಿದ್ದವಳು ಅವಳೇ. ವೀಣೆ ಮೆಲ್ಲಗೆ ಮಿಡಿದು, ಪರದೆಯ ಮೇಲೆ ದೀಪವೊಂದು ಒಂಟಿಯಾಗಿ ಉರಿಯುತ್ತಿದ್ದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, "ಇದು ಅಳೋ ಪಿಚ್ಚರ್ ಕಣ್ಲಾ, ಸೊಸೆಗೆ ಕಷ್ಟ ಐತೆ" ಎನ್ನುತ್ತಿದ್ದಳು. ತುತ್ತೂರಿ ಮೊಳಗಿ ಕೋಟೆಯ ಬಾಗಿಲು ಕಂಡರೆ, "ರಾಜರ ಕತೆ, ಕತ್ತಿ ಐತೆ, ನಿದ್ದೆ ಮಾಡಬ್ಯಾಡ" ಎಂದು ನನ್ನನ್ನು ಎಬ್ಬಿಸಿ ಕೂರಿಸುತ್ತಿದ್ದಳು. ತಮಟೆ, ನಗಾರಿ ಸೇರಿಕೊಂಡು ಅಕ್ಷರಗಳಿಂದ ಬೆಂಕಿ ಎದ್ದರೆ ಕೈ ತಾನಾಗಿ ಕೆನ್ನೆಗೆ ಹೋಗುತ್ತಿತ್ತು. ಅಮ್ಮನವರ ಸಿನಿಮಾ. ಅವಳ ಊಹೆ ತಪ್ಪಿದ್ದು ನನಗೆ ನೆನಪಿಲ್ಲ.

ಇದೆಲ್ಲ ಕಲ್ಯಾಣದುರ್ಗದ ಮಾತು. ಊರು ಆಂಧ್ರದ ಅನಂತಪುರ ಜಿಲ್ಲೆಯದು. ಒಂದು ಕಡೆ ರಾಯದುರ್ಗ, ಇನ್ನೊಂದು ಕಡೆ ಗಡಿ ದಾಟಿದರೆ ನಮ್ಮ ನೆಂಟರಿದ್ದ ಪಾವಗಡ. ಸುತ್ತ ಕಡಲೆಕಾಯಿ ಹೊಲ, ನಡುನಡುವೆ ಬರಿ ಬಂಡೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಪೂರ್ತಿ ತೆಲುಗು. ಸಿನಿಮಾ ಎರಡೂ ಕಡೆ ನೋಡುತ್ತಿದ್ದೆವು. ಊರಲ್ಲಿ ತೆಲುಗು ಸಿನಿಮಾ, ಹಬ್ಬಕ್ಕೋ ಜಾತ್ರೆಗೋ ಪಾವಗಡದ ಕಡೆ ಹೋದಾಗ ಟೆಂಟಿನಲ್ಲಿ ಕನ್ನಡ ಸಿನಿಮಾ. ಟೆಂಟಿನವರು ಆಟಕ್ಕೆ ಮುಂಚೆ ಘಂಟಸಾಲ ಹಾಡಿದ 'ನಮೋ ವೆಂಕಟೇಶ' ಹಾಕುತ್ತಿದ್ದರು. ಅದು ಕೇಳಿದರೆ ಊಟದ ತಟ್ಟೆ ಬಿಟ್ಟು ಓಡಬೇಕು. ಹಾಡು ಮುಗಿಯುವುದರೊಳಗೆ ಮರಳಿನ ಮೇಲೆ ಜಾಗ ಹಿಡಿಯದಿದ್ದರೆ ಹೆಸರು ಬೀಳುವುದು ತಪ್ಪಿಹೋಗುತ್ತದೆ ಎಂಬುದು ಅಜ್ಜಿಯ ಆತಂಕ. ಮೊದಲ ದೃಶ್ಯ ತಪ್ಪಿದರೆ ಆದೀತು, ಪಕ್ಕದವರನ್ನು ಕೇಳಿ ತಿಳಿಯಬಹುದು. ಹೆಸರು ಬೀಳುವುದು ತಪ್ಪಬಾರದು.

ಮೊಟ್ಟಮೊದಲು ಬರುತ್ತಿದ್ದುದು ಸೆನ್ಸಾರಿನ ಪತ್ರ. ಅದರಲ್ಲಿ ಭಾಷೆ, ಅಳತೆ, ರೀಲುಗಳ ಸಂಖ್ಯೆ. ದೊಡ್ಡವರು ರೀಲು ಎಷ್ಟೆಂದು ಓದಿ ಗಟ್ಟಿಯಾಗಿ ಹೇಳುತ್ತಿದ್ದರು. ಹದಿನೇಳು ಅಂದರೆ ಮನೆ ಸೇರುವಾಗ ನಡುರಾತ್ರಿ ಮೀರುತ್ತದೆ, ಹದಿಮೂರು ಅಂದರೆ ಕೊಟ್ಟ ಕಾಸಿಗೆ ಸಿನಿಮಾ ಸಣ್ಣದಾಯಿತು. ಆಮೇಲೆ ದೇವರ ಪಟ, ಗಂಟೆಯ ಸದ್ದು, ಕಂಪನಿಯ ಗುರುತು. ಜೆಮಿನಿಯ ಕಹಳೆ ಊದುವ ಅವಳಿ ಮಕ್ಕಳು, ವಿಜಯಾದ ಹನುಮಂತನ ಬಾವುಟ. ಆ ಬಾವುಟ ಹಾರಿತೆಂದರೆ ಸಿನಿಮಾ ಶ್ರದ್ಧೆಯಿಂದ ಮಾಡಿದ್ದು, ಮಕ್ಕಳನ್ನು ಕರೆತಂದದ್ದಕ್ಕೆ ಮೋಸವಿಲ್ಲ ಎಂದು ಹೆಂಗಸರೆಲ್ಲ ನಿರಾಳವಾಗುತ್ತಿದ್ದರು.

ವಿಜಯಾ ಬ್ಯಾನರಿಗೆ 'ಪಾತಾಳಭೈರವಿ', 'ಮಾಯಾಬಜಾರ್' ನಿರ್ದೇಶಿಸಿದ ಕೆ.ವಿ. ರೆಡ್ಡಿಯವರು ನಮ್ಮ ಜಿಲ್ಲೆಯ ತಾಡಪತ್ರಿಯವರು. 1965ರಲ್ಲಿ ಅದೇ ಬ್ಯಾನರಿನಲ್ಲಿ 'ಸತ್ಯ ಹರಿಶ್ಚಂದ್ರ' ಎರಡು ಭಾಷೆಯಲ್ಲಿ ಬಂತು. ತೆಲುಗಿನದನ್ನು ರೆಡ್ಡಿಯವರೇ ನಿರ್ದೇಶಿಸಿದರು, ಎನ್.ಟಿ. ರಾಮರಾವ್ ಹರಿಶ್ಚಂದ್ರ. ಕನ್ನಡದ್ದಕ್ಕೆ ರೆಡ್ಡಿಯವರು ನಿರ್ಮಾಪಕರು, ಹುಣಸೂರು ಕೃಷ್ಣಮೂರ್ತಿ ನಿರ್ದೇಶಕರು, ರಾಜಕುಮಾರ್ ಹರಿಶ್ಚಂದ್ರ. ಎರಡಕ್ಕೂ ಸಂಗೀತ ಪೆಂಡ್ಯಾಲ ನಾಗೇಶ್ವರರಾವ್ ಅವರದೇ. ತೆಲುಗಿನದು ಸೋತಿತು, ಕನ್ನಡದ್ದು ಗೆದ್ದಿತು. 2008ರಲ್ಲಿ ಬಣ್ಣ ತುಂಬಿಸಿಕೊಂಡು ಮತ್ತೆ ಬಂತು. ನನಗೆ ಮುಖ್ಯವಾದದ್ದು ಬೇರೆ. ಮನೆಯ ಮಾತು ಒಂದು, ಶಾಲೆಯ ಅಕ್ಷರ ಇನ್ನೊಂದು ಎಂದು ನಡುವೆ ಸಿಕ್ಕಿಕೊಂಡ ನಮ್ಮಂಥ ಗಡಿಯ ಮಕ್ಕಳಿಗೆ, ಒಂದೇ ಬಾವುಟದ ಕೆಳಗೆ ಒಂದೇ ಕತೆಯ ಹೆಸರು ಎರಡು ಲಿಪಿಯಲ್ಲಿ ಬೀಳಬಹುದು ಎನ್ನುವುದೇ ದೊಡ್ಡ ಧೈರ್ಯ.

ನಾನು ಕನ್ನಡ ಓದಲು ಕಲಿತದ್ದು ಹೀಗೆಯೇ. 'ರಾಜಕುಮಾರ್' ಎಂದು ಪರದೆಯ ತುಂಬ ಬಿದ್ದಾಗ ರ, ಜ, ಮ ನನಗೆ ಶಾಲೆಯಲ್ಲಿ ಕಂಡ ಮುಖಗಳೇ. ನಡುವೆ ಒಂದು ಅಕ್ಷರ ಮಾತ್ರ ಹೊಸದು. ಟೆಂಟಿಗೆ ಟೆಂಟೇ ಆ ಹೆಸರನ್ನು ಕೂಗುತ್ತಿದ್ದಾಗ ಆ ಹೊಸ ಅಕ್ಷರ 'ಕ' ಅಲ್ಲದೆ ಇನ್ನೇನಾಗಬೇಕು? ಹಾಗೆ ಒಂದೊಂದಾಗಿ ತಕಾರ, ಶಕಾರ. ಛಾಯಾಗ್ರಹಣ, ಸಂಕಲನ, ಹಿನ್ನೆಲೆ ಗಾಯನ, ಪ್ರಸಾಧನ ಎಂಬ ಘನವಾದ ಮಾತುಗಳನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಓದಿಲ್ಲ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಎಂಬ ಹೆಸರು ಎರಡು ಲಿಪಿಯಲ್ಲೂ ಕಾಣುತ್ತಿದ್ದವು. ಮುಂದೆ ತಿಳಿಯಿತು: 1954ರ 'ಬೇಡರ ಕಣ್ಣಪ್ಪ'ದಲ್ಲಿ ಮುತ್ತುರಾಜ ಎಂಬ ನಟ ಮೊದಲ ಸಲ ರಾಜಕುಮಾರ್ ಆಗಿ ತೆರೆಗೆ ಬಂದರು, ಅದನ್ನು ನಿರ್ದೇಶಿಸಿದ ಎಚ್.ಎಲ್.ಎನ್. ಸಿಂಹ ಅವರೇ ಅದೇ ವರ್ಷ ಅದೇ ಕತೆಯನ್ನು 'ಕಾಳಹಸ್ತಿ ಮಹಾತ್ಮ್ಯಂ' ಎಂದು ತೆಲುಗಿನಲ್ಲೂ ಮಾಡಿದರು. ರಾಜಕುಮಾರ್ ನಟಿಸಿದ ಒಂದೇ ತೆಲುಗು ಸಿನಿಮಾ ಅದು. ಹೊಸದಾಗಿ ಇಟ್ಟ ಹೆಸರು ಹುಟ್ಟಿದ ವರ್ಷವೇ ಎರಡು ಲಿಪಿ ಕಂಡಿತು.

ಅಕ್ಷರಕ್ಕೆ ಅರ್ಥಕ್ಕಿಂತ ಮುಂಚೆ ಮುಖವಿರುತ್ತದೆ. ಕೈಯಲ್ಲಿ ಬರೆಯುತ್ತಿದ್ದ ಕಾಲದ ಟೈಟಲ್ ಕಾರ್ಡು ನೋಡಿ. ಸಂಸಾರದ ಕತೆಯಾದರೆ ತುಂಬಿದ ಗುಂಡು ಅಕ್ಷರ, ಒತ್ತಕ್ಷರದ ಬಾಲಕ್ಕೊಂದು ಬಳ್ಳಿ. ಹಾಸ್ಯವಾದರೆ ಅಕ್ಷರಗಳು ಓರೆಕೋರೆ, ಒಂದು ಕುಣಿದರೆ ಇನ್ನೊಂದು ಎಡವುತ್ತದೆ. ಪತ್ತೇದಾರಿಯಾದರೆ ಚೂಪು ಮೂಲೆ, ಹಿಂದೆ ಉದ್ದನೆಯ ನೆರಳು. ಪುರಾಣವಾದರೆ ಕಲ್ಲಿನಲ್ಲಿ ಕೊರೆದಂತೆ. ತೆಲುಗಿನಲ್ಲಿ ಬಾಪು ಚಿತ್ರಕಾರರೂ ನಿರ್ದೇಶಕರೂ ಆಗಿದ್ದರು. ಅವರ ಕೈಬರಹ ಮುಂದೆ ಕಂಪ್ಯೂಟರಿನ ಫಾಂಟೇ ಆಯಿತು, ಇವತ್ತಿಗೂ ಮದುವೆಯ ಕರೆಯೋಲೆಗಳಲ್ಲಿ ಕಾಣುತ್ತದೆ. ಕನ್ನಡದಲ್ಲಿ ಉಪೇಂದ್ರರ 'ಎ' 1998ರಲ್ಲಿ ಒಂದೇ ಅಕ್ಷರವನ್ನು ಹೆಸರಾಗಿ ಇಟ್ಟುಕೊಂಡು ಬಂತು, ಜತೆಗೆ ಬುದ್ಧಿವಂತರಿಗೆ ಮಾತ್ರ ಎಂಬ ಸವಾಲು. 2010ರಲ್ಲಿ ಅವರೇ ಅಕ್ಷರವನ್ನೂ ಬಿಟ್ಟು, ಕೈಬೆರಳಿನ ಮುದ್ರೆಯೊಂದನ್ನೇ ಹೆಸರಿನ ಜಾಗದಲ್ಲಿ ಇಟ್ಟರು. ಜನ ಅದನ್ನು 'ಸೂಪರ್' ಎಂದು ಕರೆದರು. ಅಜ್ಜಿ ಇದ್ದಿದ್ದರೆ ಅದನ್ನು ಎಲ್ಲರಂತೆ ತಾನೂ ಓದುತ್ತಿದ್ದಳು.

ಅವಳಿಗೆ ಈ ವಿದ್ಯೆ ಸಿನಿಮಾದಿಂದ ಬಂದದ್ದಲ್ಲ, ತೊಗಲುಗೊಂಬೆಯಿಂದ ಬಂದದ್ದು ಎಂದು ನನಗೆ ಈಗ ಅನ್ನಿಸುತ್ತದೆ. ನಮ್ಮ ಸೀಮೆಯ ಧರ್ಮಾವರದ ಬಳಿಯ ನಿಮ್ಮಲಕುಂಟ ತೊಗಲುಗೊಂಬೆಯವರ ಊರು. ಅಲ್ಲಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಬಿಳಿ ಪಂಚೆ ಕಟ್ಟಿ ಹಿಂದೆ ದೀಪ ಹಚ್ಚಿದರೆ ಮೊದಲು ಗಣಪತಿ, ಆಮೇಲೆ ಸರಸ್ವತಿ. ಅವರು ಪರದೆಯ ಅಂಚಿನಿಂದ ತೇಲಿ ಬಂದು ನಿಲ್ಲುವ ನಿಧಾನವೇ ಮಂದಿಯ ಮಾತು ನಿಲ್ಲಿಸುತ್ತದೆ. ಕೂಡಲೇ ನಗಿಸುವ ಗೊಂಬೆಗಳಾದ ಕಿಳ್ಳೇಕ್ಯಾತ, ಬಂಗಾರಕ್ಕ ಜಗಳವಾಡುತ್ತ ನುಗ್ಗುತ್ತಾರೆ. ಭಕ್ತಿ ಇದೆ, ನಗುವೂ ಇದೆ, ಹೆದರಬೇಡಿ, ಬೆಳಗಿನ ತನಕ ಕೂತಿರಿ ಎಂದು ಹೇಳುವುದಕ್ಕೆ ಅಷ್ಟು ಸಾಕು. ಸಂಸ್ಕೃತ ನಾಟಕದಲ್ಲಿ ಸೂತ್ರಧಾರ ಬಂದು ಕವಿ ಇಂಥವನು, ನಾಟಕ ಇಂಥದ್ದು ಎಂದು ಹೇಳುವುದೂ, ಬಯಲಾಟದಲ್ಲಿ ಗಣಪತಿ ಸ್ತುತಿ ಮುಗಿಯುವ ತನಕ ವೇಷ ಬರದಿರುವುದೂ ಇದೇ ಕೆಲಸವೇ. ಹಿಂದೂಪುರದ ಹತ್ತಿರದ ಲೇಪಾಕ್ಷಿಗೆ ಹೋದವರು ನೆನಪಿಸಿಕೊಳ್ಳಲಿ: ಗುಡಿಯಿಂದ ದೂರದಲ್ಲೇ ಒಂಟಿಕಲ್ಲಿನ ಆ ಭಾರಿ ಬಸವಣ್ಣ ಕೊರಳೆತ್ತಿ ಕೂತಿದ್ದಾನೆ. ಒಳಗೆ ಚಾವಣಿಯ ತುಂಬ ಶಿವನ ಕತೆಗಳ ಚಿತ್ರ ಪಟ್ಟಿಪಟ್ಟಿಯಾಗಿ ಹರಿದಿದೆ. ಆದರೆ ಎಂಥ ಅಳತೆಯ ಕತೆ ಎನ್ನುವುದನ್ನು ಬಸವಣ್ಣ ಹೊರಗಡೆಯೇ ಹೇಳಿರುತ್ತಾನೆ.

ಅಮೆರಿಕದಲ್ಲಿ ಇದನ್ನೇ ಸಾಲ್ ಬಾಸ್ ಎಂಬ ಕಲಾವಿದ ಹಟ ಹಿಡಿದು ಸಾಧಿಸಿದ. ಅಲ್ಲಿನ ಥಿಯೇಟರಿನವರು ಹೆಸರು ಬೀಳುವಾಗ ಪರದೆಯ ಮುಂದಿನ ತೆರೆಯನ್ನೇ ಸರಿಸುತ್ತಿರಲಿಲ್ಲ. 1955ರ 'ದಿ ಮ್ಯಾನ್ ವಿತ್ ದಿ ಗೋಲ್ಡನ್ ಆರ್ಮ್' ಸಿನಿಮಾದ ರೀಲುಗಳ ಜತೆ, ಹೆಸರು ಬೀಳುವ ಮೊದಲೇ ತೆರೆ ಸರಿಸಿರಿ ಎಂಬ ಚೀಟಿ ಹೋಯಿತು. 1960ರ 'ಸೈಕೋ'ಗೆ ಅವನು ಮಾಡಿದ ಟೈಟಲಿನಲ್ಲಿ ಮನುಷ್ಯರೇ ಇಲ್ಲ. ಬೂದುಗೆರೆಗಳು ಅಡ್ಡಕ್ಕೂ ಉದ್ದಕ್ಕೂ ಓಡುತ್ತವೆ, ಹೆಸರುಗಳು ಸೀಳಿ ಮತ್ತೆ ಕೂಡುತ್ತವೆ, ಬರ್ನಾರ್ಡ್ ಹರ್ಮನ್ನರ ತಂತಿವಾದ್ಯಗಳು ಕೊಯ್ಯುತ್ತವೆ. ಒಡೆದ ಮನಸ್ಸಿನ ಕತೆ ಎಂದು ಹೇಳಿ ಮುಗಿಯಿತು. ಆ ಗೆರೆಗಳನ್ನು ಕಂಡಾಗ ಅಜ್ಜಿ ಸೆರಗು ಬಿಗಿಹಿಡಿಯುತ್ತಿದ್ದಳು ಎಂಬುದರಲ್ಲಿ ನನಗೆ ಸಂಶಯವೇ ಇಲ್ಲ.

ಏಕೆಂದರೆ ಅವಳು 'ಮಾಲ್ಗುಡಿ ಡೇಸ್' ನೋಡಿದಳು. ಊರಿಗೆ ಟಿ.ವಿ. ಬಂದ ಹೊಸತು, ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ಧಾರಾವಾಹಿ, ಮಾತೆಲ್ಲ ಹಿಂದಿ. ಕನ್ನಡ ತೆಲುಗು ಎರಡೂ ಆಡುತ್ತಿದ್ದ ಅಜ್ಜಿಗೆ ಹಿಂದಿ ಒಂದಕ್ಷರ ತಿಳಿಯದು. ಆರ್.ಕೆ. ಲಕ್ಷ್ಮಣರ ಗೆರೆಗಳಲ್ಲಿ ಆ ಊರಿನವರು ಒಬ್ಬೊಬ್ಬರಾಗಿ ಬಂದರು, ಹಿಂದೆ ಎಲ್. ವೈದ್ಯನಾಥನ್ ಕೂರಿಸಿದ ಆ ಗುನುಗು. ಅರ್ಥವಿರುವ ಪದವೇ ಇಲ್ಲದ ಹಾಡು. ಅಜ್ಜಿ ಗೋಡೆಗೆ ಒರಗಿ, ಕಾಲು ಚಾಚಿ, "ಇದು ನಮ್ಮಂತೋರ ಕತೆ, ಯಾರೂ ಸಾಯಲ್ಲ, ಹುಡುಗ್ರು ಜಾಸ್ತಿ" ಅಂದಳು. ಕಾಲು ಚಾಚಿ ಕೂತದ್ದನ್ನು ಗಮನಿಸಿದೆ. ಟೆಂಟಿನಲ್ಲಿ ಅವಳು ಹಾಗೆ ಕೂತವಳಲ್ಲ. ಒಳ್ಳೆಯ ಟೈಟಲು ನೋಡುವವರ ಮೈಯನ್ನೇ ಕತೆಗೆ ತಕ್ಕಂತೆ ಕೂರಿಸುತ್ತದೆ.

ದೊಡ್ಡ ನಟರ ಹೆಸರು ಬೀಳುವ ಸಂಭ್ರಮ ಇನ್ನೊಂದೇ ಬಗೆಯದು. 1992ರ 'ಅಣ್ಣಾಮಲೈ'ಯಿಂದ ರಜನಿಕಾಂತರ 'ಸೂಪರ್ ಸ್ಟಾರ್' ಎಂಬುದು ದೀಪದ ಚುಕ್ಕಿಗಳಾಗಿ ಒಂದೊಂದೇ ಅಕ್ಷರ ಬೆಳಗತೊಡಗಿತು; ಮಂದಿ ಒಂದೊಂದಕ್ಕೂ ಕೂಗಿದರು. ನಮ್ಮ ಕಡೆ 'ನಟಸಾರ್ವಭೌಮ' ಎಂಬ ಬಿರುದು ರಾಮರಾವ್ ಹೆಸರಿನ ಮುಂದೂ ಉಂಟು, ರಾಜಕುಮಾರ್ ಹೆಸರಿನ ಮುಂದೂ ಉಂಟು. ರಾಮರಾವ್ 1985, 1989, 1994ರಲ್ಲಿ ಹಿಂದೂಪುರದಿಂದಲೇ ಶಾಸಕರಾದರು. ಅಲ್ಲಿನ ಎಷ್ಟೋ ಕನ್ನಡದ ಮನೆಗಳಲ್ಲಿ ಇಬ್ಬರ ಪಟಗಳೂ ಒಂದೇ ಗೋಡೆಯಲ್ಲಿದ್ದವು.

ಈಗ ಮೊಬೈಲಿನಲ್ಲಿ ಸಿನಿಮಾ ನೋಡುವಾಗ ಟೈಟಲನ್ನು ದಾಟಿಸುವ ಗುಂಡಿ ಬಂದಿದೆ. 2017ರಲ್ಲಿ ನೆಟ್‌ಫ್ಲಿಕ್ಸ್ ಅದನ್ನು ತಂದಿತು. ನಮ್ಮ ಮನೆಯ ಮಕ್ಕಳೂ ಒತ್ತುತ್ತಾರೆ, ನಾನು ಬೇಡವೆನ್ನುತ್ತೇನೆ. ಧಾರಾವಾಹಿಯ ಹತ್ತನೆಯ ಕಂತಿಗೆ ಅದು ಸರಿ ಇರಬಹುದು. ಸಿನಿಮಾಕ್ಕೆ ಹಾಗೆ ಮಾಡಿದರೆ ಕತೆ ಅರ್ಥವಾಗುತ್ತದೆ, ಕತೆಯೊಳಗೆ ಕೂರುವುದಕ್ಕೆ ಮಾತ್ರ ಅರ್ಧ ಗಂಟೆ ಹಿಡಿಯುತ್ತದೆ.

ನನ್ನ ಕೋರಿಕೆ ಒಂದುಂಟು. 2018ರ 'ಕೆ.ಜಿ.ಎಫ್.', 2022ರ 'ಕಾಂತಾರ' ನಮ್ಮ ಕಡೆಗೂ ಬಂದವು, ತೆಲುಗಿನಲ್ಲಿ. ನಮ್ಮದೇ ಸಿನಿಮಾಕ್ಕೆ ಊರೆಲ್ಲ ಶಿಳ್ಳೆ ಹೊಡೆಯುವುದನ್ನು ಕೇಳಿ ಎದೆ ತುಂಬಿತು. ಹೆಸರು ಮಾತ್ರ ತೆಲುಗು ಲಿಪಿಯಲ್ಲಿ ಬಿತ್ತು. ಡಬ್ ಮಾಡಿದ ಸಿನಿಮಾ, ಬೀಳಲೇಬೇಕು. ಆದರೆ ಅದರ ಕೆಳಗೆ ಮೂಲದ ಕನ್ನಡ ಹೆಸರನ್ನೂ, ಬರೆದ ಕೈಯ ವಾಟ ಹಾಗೇ ಇರುವಂತೆ ಎರಡು ಕ್ಷಣ ಉಳಿಸಬಹುದಲ್ಲ? ಗಡಿ ದಾಟುವ ಬಸ್ಸಿನ ಬೋರ್ಡಿನಲ್ಲಿ ಎರಡೂ ಲಿಪಿ ಇರುತ್ತವೆ, ಅದಕ್ಕೆ ಯಾರೂ ತಕರಾರು ಮಾಡಿದ್ದಿಲ್ಲ. ತೆಲುಗು ಸಿನಿಮಾ ಕನ್ನಡಕ್ಕೆ ಬಂದಾಗಲೂ ಹಾಗೆಯೇ ಆಗಲಿ. ಕಲ್ಯಾಣದುರ್ಗದಲ್ಲಿ, ಮಡಕಶಿರಾದಲ್ಲಿ, ಹಿಂದೂಪುರದಲ್ಲಿ ಶಾಲೆಯಲ್ಲಿ ಕನ್ನಡ ಸಿಗದ ಮಕ್ಕಳು ಇನ್ನೂ ಇದ್ದಾರೆ. ರ, ಜ, ಮ ಅವರಿಗೆ ಆಗಲೇ ಗೊತ್ತಿದೆ.